ಬೋಟಿನಲ್ಲಿ ಮಲಗುವವರಿಗೆ ಒಂದು ಕಾವಲು

ಆಳ ಸಮುದ್ರಕ್ಕೆ ಹೋದ ಬೋಟು ಎಂಟು-ಹತ್ತು ದಿನ ದಡಕ್ಕೆ ಬರುವುದಿಲ್ಲ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಅಕ್ಕತಂಗಿಯರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಅಷ್ಟೂ ದಿನ ಅವರಿಗೆ ಬೋಟೇ ಮನೆ. ಅಡುಗೆ ಅಲ್ಲೇ, ಊಟ ಅಲ್ಲೇ, ನಿದ್ದೆಯೂ ಅಲ್ಲೇ. ಆದರೆ ಆ ಮನೆ ಎಷ್ಟು ದೊಡ್ಡದು? ಏಳೆಂಟು ಜನ ಒತ್ತೊತ್ತಾಗಿ ಮಲಗುವ ಒಂದು ಕ್ಯಾಬಿನ್. ಪಕ್ಕದಲ್ಲೇ ಗ್ಯಾಸ್ ಒಲೆ. ಕೆಳಗೆ ಎಂಜಿನ್. ಮಳೆಗಾಳಿ ಬಂದರೆ ಬಾಗಿಲು, ಕಿಟಕಿ ಎಲ್ಲ ಬಂದ್.

ಈ ಪಾಠ ಆ ಕ್ಯಾಬಿನ್ನಿನ ಒಳಗಿನ ಗಾಳಿಯ ಬಗ್ಗೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: “ಟೀಚರೇ, ಬೆಂಕಿ ಹತ್ತಿದರೆ ಹೊಗೆ ಬರುತ್ತದಲ್ಲ? ಕೆಮ್ಮು ಬಂದು ಎಚ್ಚರ ಆಗುವುದಿಲ್ಲವಾ?”

ಒಳ್ಳೆಯ ಪ್ರಶ್ನೆ. ಎಚ್ಚರ ಆಗಿಯೇ ಆಗುತ್ತದೆ ಎಂದು ನಂಬಬೇಡಿ. ನಿದ್ದೆಯಲ್ಲಿರುವವರನ್ನು ವಾಸನೆ ಎಬ್ಬಿಸುವುದಿಲ್ಲ. ದೊಡ್ಡ ಶಬ್ದ ಎಬ್ಬಿಸುತ್ತದೆ. ಅದಕ್ಕೇ ಹೊಗೆ ಅಲಾರಂ ಎಂಬ ಪೆಟ್ಟಿಗೆ ಇರುವುದು. ಅಂಗೈಯಷ್ಟೇ ದೊಡ್ಡದು. ಹೊಗೆ ಮುಟ್ಟಿದ ಕೂಡಲೇ ಕೀಚಲು ದನಿಯಲ್ಲಿ ಕೂಗುತ್ತದೆ.

ಆದರೆ ಹೊಗೆಯೇ ಇಲ್ಲದೆ ಬರುವ ಇನ್ನೊಂದು ವಿಷ ಉಂಟು. ಅದರ ಹೆಸರು ಕಾರ್ಬನ್ ಮೋನಾಕ್ಸೈಡ್. ಕಾರ್-ಬನ್ ಮೋ-ನಾಕ್-ಸೈಡ್. ಎರಡು ಸಲ ಗಟ್ಟಿಯಾಗಿ ಓದಿ. ಈ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ.

ಗ್ಯಾಸ್, ಡೀಸೆಲ್, ಸೀಮೆಎಣ್ಣೆ, ಇದ್ದಿಲು, ಯಾವುದೇ ಆಗಲಿ, ಸಾಕಷ್ಟು ಗಾಳಿ ಸಿಗದೆ ಉರಿದರೆ ಈ ವಿಷ ಹುಟ್ಟುತ್ತದೆ. ಒಲೆಯ ನೀಲಿ ಉರಿ ಹಳದಿಯಾದರೆ ಅನುಮಾನ ಪಡಿ. ಎಂಜಿನ್ ಹೊಗೆಯ ಕೊಳವೆ ಒಡೆದಿದ್ದರೆ ಕ್ಯಾಬಿನ್ ಒಳಗೆ ನುಗ್ಗುತ್ತದೆ. ಬಂದರಿನಲ್ಲಿ ಬೋಟಿಗೆ ಬೋಟು ತಾಗಿಸಿ ಕಟ್ಟುತ್ತಾರಲ್ಲ? ಪಕ್ಕದ ಬೋಟಿನ ಜನರೇಟರಿನಿಂದಲೂ ಬರಬಹುದು. ಎಲ್ಲಕ್ಕಿಂತ ಮೋಸದ್ದು ಇದ್ದಿಲ ಕೆಂಡ. ಚಳಿಗೆಂದು ಕೆಂಡ ತಂದು ಕ್ಯಾಬಿನ್ ಒಳಗೆ ಇಟ್ಟರೆ ಹೊಗೆ ಕಾಣುವುದಿಲ್ಲ, ಹೊಗೆ ಅಲಾರಂ ಕೂಗುವುದಿಲ್ಲ, ವಿಷ ಮಾತ್ರ ತುಂಬುತ್ತಾ ಇರುತ್ತದೆ.

ಅದು ದೇಹದಲ್ಲಿ ಏನು ಮಾಡುತ್ತದೆ? ನಮ್ಮ ರಕ್ತ ಒಂದು ಬಸ್ಸಿನ ಹಾಗೆ. ಉಸಿರಿನ ಪ್ರಾಣವಾಯುವನ್ನು ಕೂರಿಸಿಕೊಂಡು ಮೈಯೆಲ್ಲ ಸುತ್ತುತ್ತದೆ. ಈ ವಿಷಗಾಳಿ ಮೊದಲೇ ಹತ್ತಿ ಸೀಟು ಹಿಡಿಯುತ್ತದೆ. ಪ್ರಾಣವಾಯುವಿಗಿಂತ 200 ಪಟ್ಟು ಗಟ್ಟಿಯಾಗಿ ಹಿಡಿದು ಕೂರುತ್ತದೆ, ಏಳುವುದಿಲ್ಲ. ಮಿದುಳಿಗೆ, ಹೃದಯಕ್ಕೆ ಪ್ರಾಣವಾಯು ತಲುಪುವುದಿಲ್ಲ. ಮೊದಲು ತಲೆನೋವು. ಆಮೇಲೆ ತಲೆ ಸುತ್ತು, ವಾಂತಿ, ಕೈಕಾಲು ಸೋತು ಹೋಗುವುದು. ಕೊನೆಗೆ ಎಚ್ಚರ ತಪ್ಪುತ್ತದೆ. ಮಲಗಿದವರು ಮಲಗಿದ ಹಾಗೇ ಹೋಗಿಬಿಡಬಹುದು.

ತಲೆ ಸುತ್ತು, ವಾಂತಿ ಎಂದ ಕೂಡಲೇ ಬೋಟಿನವರು ಏನು ಹೇಳುತ್ತಾರೆ? “ಕಡಲು ಹಿಡಿಯಿತು ಮಾರಾಯ, ಒಳಗೆ ಹೋಗಿ ಮಲಗು.” ಅಲ್ಲೇ ಪ್ರಾಣಕ್ಕೆ ಕುತ್ತು. ವಿಷ ಇರುವ ಕಡೆಗೇ ಕಳಿಸಿದ ಹಾಗಾಯಿತು. ಇಪ್ಪತ್ತು ವರ್ಷ ಸಮುದ್ರ ಕಂಡ ತಾಂಡೇಲನಿಗೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಕಡಲು ಹಿಡಿಯುತ್ತದೆಯೆ? ಕ್ಯಾಬಿನ್ನಿನಲ್ಲಿದ್ದ ಮೂರು ಜನಕ್ಕೆ ಒಟ್ಟಿಗೇ ತಲೆನೋವು, ಹೊರಗೆ ಇದ್ದವನಿಗೆ ಏನೂ ಇಲ್ಲ ಎಂದರೆ ಏನರ್ಥ? ಹೊರಗೆ ಬಂದಾಗ ಹಗುರ, ಒಳಗೆ ಹೋದರೆ ಮತ್ತೆ ನೋವು ಎಂದರೆ ಅದು ಕಡಲಿನದ್ದಲ್ಲ, ಗಾಳಿಯದ್ದು. ಈ ಒಂದು ಮಾತನ್ನು ಮನೆಯವರಿಗೆ ಇವತ್ತೇ ಓದಿ ಹೇಳಿ.

ಹಾಗಾಗಿ ಕ್ಯಾಬಿನ್ನಿಗೆ ಎರಡು ಅಲಾರಂ ಬೇಕು. ಹೊಗೆಗೆ ಒಂದು, ಈ ವಿಷಗಾಳಿಗೆ ಇನ್ನೊಂದು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಬ್ರಿಟನ್ನಿನ ಕಾಲುವೆ, ನದಿಗಳಲ್ಲಿ ದೋಣಿಯಲ್ಲೇ ವಾಸ ಮಾಡುವ ಜನ ಇದ್ದಾರೆ. ಅಲ್ಲಿ ಕ್ಯಾಬಿನ್ ಇರುವ ದೋಣಿಗಳಿಗೆ ವಿಷಗಾಳಿ ಅಲಾರಂ ಕಡ್ಡಾಯ ಎಂಬ ನಿಯಮ 2019ರ ಏಪ್ರಿಲ್‌ನಲ್ಲಿ ಬಂತು. ಹಾಯಿದೋಣಿಯವರೂ ಇಡುತ್ತಾರೆ. ಗಾಳಿಯಿಂದ ಓಡಿದರೂ ಅದರ ಒಳಗೆ ಒಲೆ ಉಂಟು, ಸಣ್ಣ ಎಂಜಿನ್ ಉಂಟು.

ಅಂಗಡಿಯಲ್ಲಿ ಕೊಳ್ಳುವಾಗ ಪೆಟ್ಟಿಗೆ ಮೇಲೆ ಇಂಗ್ಲಿಷ್ ಇರುತ್ತದೆ. ಹೆದರಬೇಡಿ. ವಿಷಗಾಳಿ ಅಲಾರಂ ಮೇಲೆ ಎರಡು ಅಕ್ಷರ ದೊಡ್ಡದಾಗಿ ಇರುತ್ತವೆ. ಮೊದಲನೆಯದು ಒಂದು ಕಡೆ ಒಡೆದ ಬಳೆಯ ಹಾಗೆ. ಎರಡನೆಯದು ಇಡೀ ಬಳೆಯ ಹಾಗೆ. ಅದು ‘ಸಿ’ ಮತ್ತು ‘ಓ’. ಆಮೇಲೆ ಅಂಕಿ ಹುಡುಕಿ: 50291-2. ಕೊನೆಯ 2 ಇದ್ದರೆ ದೋಣಿ, ವಾಹನಗಳಿಗೆಂದು ಪರೀಕ್ಷೆ ಮಾಡಿದ್ದು. ಕುಲುಕಾಟ ತಡೆಯುತ್ತದೆ. 1 ಮಾತ್ರ ಇದ್ದರೆ ಮನೆಗೆ ಮಾಡಿದ್ದು. ಮೂರನೆಯದಾಗಿ ತಾರೀಕು ಓದಿ. ಒಳಗಿನ ಯಂತ್ರ ಐದರಿಂದ ಹತ್ತು ವರ್ಷ ಬಾಳುತ್ತದೆ, ಆಮೇಲೆ ಬದಲಿಸಲೇಬೇಕು. ಹಳೆಯ ಮಾಲನ್ನು ಕಡಿಮೆ ಬೆಲೆಗೆ ಕೊಟ್ಟರೆ ತರಬೇಡಿ. ಹೊಗೆ ಅಲಾರಂನಲ್ಲಿ ‘ಆಪ್ಟಿಕಲ್’ ಜಾತಿಯದ್ದು ಕೇಳಿ. ಒಗ್ಗರಣೆ ಹೊಗೆಗೆಲ್ಲ ಅದು ಅಷ್ಟು ಸುಲಭಕ್ಕೆ ಕೂಗುವುದಿಲ್ಲ. ಸುಮ್ಮಸುಮ್ಮನೆ ಕೂಗಿದರೆ ಗಂಡಸರು ಬ್ಯಾಟರಿ ಕಿತ್ತು ಟಾರ್ಚಿಗೆ ಹಾಕುತ್ತಾರೆ, ಗೊತ್ತುಂಟಲ್ಲ!

ಬೋಟಿನ ಕರೆಂಟಿಗೆ ಜೋಡಿಸುವ ಅಲಾರಂ ಕೂಡ ಸಿಗುತ್ತದೆ. ಸ್ವಂತ ಬ್ಯಾಟರಿ ಇರುವುದೇ ಮೇಲು ಎಂದು ನಮಗೆ ಅನಿಸುತ್ತದೆ. ಬೋಟಿನ ಮೇನ್ ಸ್ವಿಚ್ ಆಫ್ ಮಾಡಿದರೂ ಅದು ಎಚ್ಚರ ಇರುತ್ತದೆ.

ಹಾಕಿಸುವುದು ಯಾವಾಗ? ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ. ಬೋಟು ರಿಪೇರಿ ಆಗುವ ಸಮಯ. ಆದರೆ ಪೇಂಟ್ ಕೆಲಸ ಮುಗಿದು, ಒಣಗಿ, ವಾಸನೆ ಹೋದ ಮೇಲೆಯೇ ಹಾಕಿಸಿ. ಪೇಂಟಿನ ಆವಿ ಒಳಗಿನ ಯಂತ್ರವನ್ನು ಕೆಡಿಸುತ್ತದೆ. ದೊಡ್ಡ ಬ್ಯಾಟರಿ ಚಾರ್ಜ್ ಆಗುವ ಜಾಗದ ಹತ್ತಿರವೂ ಬೇಡ, ಸುಳ್ಳೇ ಕೂಗುತ್ತದೆ.

ಹೊಗೆ ಮೇಲಕ್ಕೆ ಏರುತ್ತದೆ. ಅದಕ್ಕೆ ಹೊಗೆ ಅಲಾರಂ ಕ್ಯಾಬಿನ್ನಿನ ಮಾಡಿಗೆ, ಒಲೆಯ ನೇರ ಮೇಲೆ ಅಲ್ಲ, ಮೂಲೆಯಲ್ಲೂ ಅಲ್ಲ. ವಿಷಗಾಳಿ ಹಾಗಲ್ಲ, ಕೋಣೆಯ ಗಾಳಿಯಲ್ಲೇ ಬೆರೆತು ಹೋಗುತ್ತದೆ. ಆ ಅಲಾರಂ ಮಲಗುವ ಕಡೆ, ಮಲಗಿದವರ ಮೂಗಿನ ಎತ್ತರದಲ್ಲಿ ಇರಲಿ. ಒಲೆಯಿಂದ ಒಂದು ಮೀಟರಾದರೂ ದೂರ ಬೇಕು. ಪರದೆಯ ಹಿಂದೆ, ಕಪಾಟಿನ ಒಳಗೆ, ಕಿಟಕಿಯ ಬಾಯಿಗೆ ಇಟ್ಟರೆ ಪ್ರಯೋಜನ ಇಲ್ಲ. ಅಡುಗೆ ಗ್ಯಾಸ್ ಸೋರಿದರೆ ಅದು ಗಾಳಿಗಿಂತ ಭಾರ, ಬೋಟಿನ ತಳಕ್ಕೆ ಇಳಿಯುತ್ತದೆ. ಅದನ್ನು ಈ ಎರಡೂ ಅಲಾರಂ ಹಿಡಿಯುವುದಿಲ್ಲ. ಅದಕ್ಕೆ ಬೇರೆ ಗ್ಯಾಸ್ ಅಲಾರಂ ಕೆಳಗೆ ಹಾಕಬೇಕು, ಸಿಲಿಂಡರ್ ಹೊರಗೆ ಡೆಕ್ಕಿನಲ್ಲಿ ಇಡಬೇಕು.

ಪ್ರತಿ ಸಲ ಹೊರಡುವ ಮುಂಚೆ ಪರೀಕ್ಷೆಯ ಗುಂಡಿ ಒತ್ತಿ ಕೂಗಿಸಿ ನೋಡಲಿ. ವಿಷಗಾಳಿ ಸ್ವಲ್ಪವೇ ಇದ್ದರೆ ಅಲಾರಂ ಕೂಡಲೇ ಕೂಗುವುದಿಲ್ಲ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 50 ಪಾಲು ಇದ್ದರೆ 60ರಿಂದ 90 ನಿಮಿಷದೊಳಗೆ ಕೂಗುತ್ತದೆ. 300 ಪಾಲು ಆದರೆ ಮೂರು ನಿಮಿಷದೊಳಗೆ.

ಕೂಗಿದರೆ ಎಲ್ಲರೂ ಡೆಕ್ಕಿಗೆ. ಬಾಗಿಲು ತೆರೆದು, ಒಲೆ, ಜನರೇಟರ್ ನಿಲ್ಲಿಸಿ. ತಲೆ ಎಣಿಸಿ. ಸಮುದ್ರದಲ್ಲಿ ಕೋಸ್ಟ್ ಗಾರ್ಡ್ ನಂಬರ್ 1554, ದಡದಲ್ಲಿ ಆಂಬುಲೆನ್ಸ್ 108. ಆಸ್ಪತ್ರೆಯಲ್ಲಿ ‘ಕಾರ್ಬನ್ ಮೋನಾಕ್ಸೈಡ್ ಇರಬಹುದು’ ಎಂದು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಮೀಟರ್ ಈ ವಿಷದಲ್ಲಿ ‘ಎಲ್ಲ ಸರಿ ಇದೆ’ ಎಂದೇ ತೋರಿಸುತ್ತದೆ. ರಕ್ತ ಪರೀಕ್ಷೆಯೇ ಆಗಬೇಕು.

ಮಾಡಿ ನೋಡಿ:
ನಿಮ್ಮ ಮನೆಯವರು ಹೋಗುವ ಬೋಟಿನ ಕ್ಯಾಬಿನ್ ಹೇಗಿದೆ ಎಂದು ಕೇಳಿ ತಿಳಿಯಿರಿ. ಪುಸ್ತಕದಲ್ಲಿ ಅದರ ಚಿತ್ರ ಬರೆಯಿರಿ. ಒಲೆ ಎಲ್ಲಿದೆ, ಎಷ್ಟು ಜನ ಮಲಗುತ್ತಾರೆ, ಬಾಗಿಲು ಎಷ್ಟು, ಎಲ್ಲ ಗುರುತು ಮಾಡಿ. ಎರಡು ಅಲಾರಂ ಎಲ್ಲಿ ಹಾಕಬೇಕು ಎಂದು ತೋರಿಸಿ. ಚಿತ್ರದ ಕೆಳಗೆ ಬರೆಯಿರಿ: 1554.