ವಂಚಿಸಿದ ಅಣ್ಣನನ್ನು ಕ್ಷಮಿಸುವ ಬಗೆ

ತಿರುಪ್ಪೂರಿನ ಸೋದರಿಗೆ,

ಬನಿಯನ್ ಕಾರ್ಖಾನೆಯ ಪಾಲುಗಾರಿಕೆಯಲ್ಲಿ ಒಡಹುಟ್ಟಿದ ಅಣ್ಣನೇ ವಂಚಿಸಿದನೆಂದೂ, ಅವನನ್ನು ಕ್ಷಮಿಸಲಾರದೆ ಪರಮಪ್ರಸಾದಕ್ಕೆ ಅನರ್ಹಳಾದೆನೆಂಬ ಶಂಕೆ ಬಾಧಿಸುತ್ತಿದೆಯೆಂದೂ ಬರೆದಿದ್ದೀರಿ. ಆ ಶಂಕೆಯೇ ನಿಮ್ಮ ಅಂತಃಕರಣದ ಜೀವಂತಿಕೆಗೆ ಸಾಕ್ಷಿ. ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರನು ಕೇಳಿದಾಗ ಯೇಸು ಹೇಳಿದ ದೃಷ್ಟಾಂತದಲ್ಲಿ, ಹತ್ತು ಸಾವಿರ ತಲಾಂತುಗಳ ಋಣದಿಂದ ಅರಸನ ಕರುಣೆಯಿಂದಲೇ ಬಿಡುಗಡೆಗೊಂಡ ಸೇವಕನು ನೂರು ನಾಣ್ಯಗಳಿಗಾಗಿ ಜೊತೆಗಾರನ ಕೊರಳು ಹಿಡಿಯುತ್ತಾನೆ. ತಾನು ಕ್ಷಮಿಸಲ್ಪಟ್ಟವನೆಂಬ ಸ್ಮರಣೆಯಿಂದಲೇ ಕ್ರೈಸ್ತನ ಕ್ಷಮೆ ಹುಟ್ಟತಕ್ಕದ್ದೆಂಬುದು ಅದರ ತಾತ್ಪರ್ಯ.

ಆದರೆ ಕ್ಷಮೆಯನ್ನು ನ್ಯಾಯದ ಪರಿತ್ಯಾಗವೆಂದು ಭಾವಿಸದಿರಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಪತಿ ಗ್ರಹಾಂ ಸ್ಟೇನ್ಸರನ್ನೂ ಇಬ್ಬರು ಎಳೆಯ ಪುತ್ರರನ್ನೂ ದುಷ್ಕರ್ಮಿಗಳು ಹಚ್ಚಿದ ಬೆಂಕಿಯಲ್ಲಿ ಕಳೆದುಕೊಂಡ ಗ್ಲ್ಯಾಡಿಸ್ ಸ್ಟೇನ್ಸ್, ಹಂತಕರನ್ನು ಕ್ಷಮಿಸಿರುವೆನೆಂದು ಸಾರಿ, ಬಾರಿಪದದ ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. ನ್ಯಾಯಾಲಯವೂ ತನ್ನ ಕರ್ತವ್ಯವನ್ನು ನೆರವೇರಿಸಿ 2003ರಲ್ಲಿ ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. ಆ ಮಹಾತಾಯಿ ತೊರೆದದ್ದು ದ್ವೇಷವೊಂದನ್ನೇ.

ಆದುದರಿಂದ ಲೆಕ್ಕಪತ್ರವನ್ನು ವಕೀಲರ ಮುಖಾಂತರ ಇತ್ಯರ್ಥಗೊಳಿಸಿಕೊಳ್ಳಿರಿ. ನಂಬಿಕೆ ಮರಳುವವರೆಗೆ ಹೊಸ ಪಾಲುಗಾರಿಕೆ ಬೇಡ. ಮನಸ್ಸು ಒಪ್ಪದಿದ್ದರೂ ನಿತ್ಯಪ್ರಾರ್ಥನೆಯಲ್ಲಿ ಅಣ್ಣನ ಹೆಸರನ್ನೆತ್ತಿ ಅವನ ಒಳಿತನ್ನು ಬೇಡಿರಿ. ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಬಸಿಲಿಕವು ನಿಮಗೆ ಸಮೀಪದಲ್ಲೇ ಇದೆ. ಅಲ್ಲಿ ಪಾಪನಿವೇದನೆ ಮಾಡಿ, ಗುರುಗಳೊಡನೆ ಮನಬಿಚ್ಚಿ ಮಾತನಾಡಿ, ಪರಮಪ್ರಸಾದವನ್ನು ನಿರ್ಭಯವಾಗಿ ಸ್ವೀಕರಿಸಿರಿ.