ಪರಿಹಾರ ಕೊಟ್ಟರೆ ನ್ಯಾಯ ಮುಗಿಯಿತೇ? ಒಂಬತ್ತನೇ ತರಗತಿಯ ಒಂದು ಪಾಠ

ಬಸವೇಶ್ವರನಗರದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ನಾನು ಆರಿಸಿಕೊಂಡ ವಿಷಯ ಮಾನವ ಹಕ್ಕುಗಳು. ಹಿಂಸೆ ನಿಂತ ಮೇಲೆ ನಡೆಯಬೇಕಾದ ಸತ್ಯಶೋಧನೆ, ಹೊಣೆಗಾರಿಕೆ, ಪರಿಹಾರ, ಸಾಮರಸ್ಯ ಇವನ್ನು ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಗುರುತಿಸುವುದು ಪಾಠದ ಉದ್ದೇಶ. ಕಪ್ಪುಹಲಗೆಯ ಮೇಲೆ ನಾಲ್ಕು ಕಾಲಂ ಎಳೆದೆ.

ಮಾದಪ್ಪನ ಬೆಟ್ಟಕ್ಕೆ ಹೋಗಿಬಂದ ಮಕ್ಕಳು ತರಗತಿಯಲ್ಲಿ ಹಲವರಿದ್ದರು. ವೀರಪ್ಪನ್ ಹೆಸರು ಎಲ್ಲರಿಗೂ ಗೊತ್ತಿತ್ತು. ಅದನ್ನೇ ಪೂರ್ವಜ್ಞಾನವಾಗಿ ಬಳಸಿಕೊಂಡೆ. ಮೊದಲು 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಅವನ ತಂಡದ ನೆಲಬಾಂಬಿಗೆ 22 ಜನ ಬಲಿಯಾದುದನ್ನು ಹೇಳಿದೆ. ನಂತರ, ಅವನನ್ನು ಹಿಡಿಯಲು ಹೊರಟ ಕರ್ನಾಟಕ–ತಮಿಳುನಾಡು ಜಂಟಿ ಕಾರ್ಯಪಡೆಯ ಮೇಲೆ ಕಾಡಂಚಿನ ಹಳ್ಳಿಗರು ಹೊರಿಸಿದ ಅಕ್ರಮ ಬಂಧನ, ಚಿತ್ರಹಿಂಸೆಯ ದೂರುಗಳನ್ನು ವಿವರಿಸಿದೆ.

“ವೀರಪ್ಪನ್‌ಗೆ ಅಕ್ಕಿ ಕೊಟ್ಟವರನ್ನ ಸುಮ್ನೆ ಬಿಡ್ಬೇಕಿತ್ತಾ ಸರ್?” ಎಂದು ಒಬ್ಬ ಹುಡುಗ ಕೇಳಿದ. ಕೊಟ್ಟರೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು ಎಂದು ಮರುಪ್ರಶ್ನೆ ಹಾಕಿದೆ. “ಕೋರ್ಟು” ಎಂದಿತು ತರಗತಿ. ವರ್ಷಗಟ್ಟಲೆ ಜೈಲಿನಲ್ಲಿದ್ದ ಬಹುತೇಕ ಆರೋಪಿಗಳನ್ನು ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಖುಲಾಸೆ ಮಾಡಿತು ಎಂದು ಆಗ ತಿಳಿಸಿದೆ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಇದು ಮೊದಲ ಕಾಲಂ. 2007ರಲ್ಲಿ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಕೊಡಲು ಆಯೋಗ ಶಿಫಾರಸು ಮಾಡಿತು. ಇದು ಮೂರನೆಯದು. ತಲಾ ಎಷ್ಟು ಎಂದು ಮಕ್ಕಳೇ ಭಾಗಿಸಿದರು: ಸರಾಸರಿ ಸುಮಾರು 3.15 ಲಕ್ಷ. “ದುಡ್ಡು ಕೊಟ್ರಲ್ಲ, ಮುಗೀತು” ಎಂಬ ಉತ್ತರ ಬಂದಾಗ ಎರಡನೇ ಕಾಲಂ ತೋರಿಸಿದೆ. ಆಯೋಗಕ್ಕಿರುವುದು ಶಿಫಾರಸಿನ ಅಧಿಕಾರ. ತಪ್ಪಿತಸ್ಥರನ್ನು ಶಿಕ್ಷಿಸುವುದು ನ್ಯಾಯಾಲಯದ ಕೆಲಸ. ಹಣದಿಂದ ಆ ಕಾಲಂ ತುಂಬುವುದಿಲ್ಲ.

ನಮ್ಮ ಕಾಡಿನಲ್ಲಿ ನಡೆದದ್ದು ಅಂತರ್ಯುದ್ಧವಲ್ಲ. ಆದರೂ ಅಂತರ್ಯುದ್ಧ ಕಂಡ ದೇಶಗಳೂ ಇದೇ ಪ್ರಶ್ನೆ ಎದುರಿಸಿವೆ. ಸಿಯೆರಾ ಲಿಯೋನ್‌ನಲ್ಲಿ 2002ರಲ್ಲಿ ಯುದ್ಧ ಮುಗಿದ ಮೇಲೆ ಸತ್ಯಶೋಧನಾ ಆಯೋಗ, ವಿಶೇಷ ನ್ಯಾಯಾಲಯ ಎರಡೂ ಏಕಕಾಲಕ್ಕೆ ಕೆಲಸ ಮಾಡಿದವು. ಆಯೋಗ ಜನರ ಮಾತು ಕೇಳಿತು; ನ್ಯಾಯಾಲಯ 2012ರಲ್ಲಿ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 50 ವರ್ಷ ಶಿಕ್ಷೆ ವಿಧಿಸಿತು.

ನಾಲ್ಕನೇ ಕಾಲಂ ಅನ್ನು ಮೌಲ್ಯಮಾಪನಕ್ಕೆ ಬಿಟ್ಟೆ: “ಕಾಡಂಚಿನ ಹಳ್ಳಿಯವರು ಭಯವಿಲ್ಲದೆ ಪೊಲೀಸ್ ಠಾಣೆಗೆ ಹೋಗಬೇಕಾದರೆ ಏನೇನಾಗಬೇಕು?” “ತಪ್ಪಾಯಿತು ಅಂತ ಅವರ ಊರಿಗೇ ಬಂದು ಹೇಳಬೇಕು” ಎಂದು ಒಬ್ಬಳು ಬರೆದಳು. “ಸತ್ತ ಪೊಲೀಸರ ಮಕ್ಕಳನ್ನೂ ಕರೆಯಬೇಕು” ಎಂದು ಇನ್ನೊಬ್ಬ.

ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಎರಡು ಸಲಹೆ. ಮಡಿದ ಪೊಲೀಸರಿಂದಲೇ ಪಾಠ ಆರಂಭಿಸಿ. ಇಲ್ಲದಿದ್ದರೆ ತರಗತಿ ಎರಡು ಪಕ್ಷವಾಗುತ್ತದೆ. ಚಿತ್ರಹಿಂಸೆಯನ್ನು ಬಣ್ಣಿಸಬೇಡಿ, ಇಸವಿ, ಸಂಖ್ಯೆ ಮತ್ತು ಖಾಲಿ ಕಾಲಂ ಇದ್ದರೆ ಮಕ್ಕಳೇ ಪ್ರಶ್ನೆ ಕೇಳುತ್ತಾರೆ.