ಸಾಲಿಗೂ ಒಂದು ಬೆಲೆ

ಅರ್ಥಶಾಸ್ತ್ರದ 'ಅವಕಾಶ ವೆಚ್ಚ' ಬರೀ ಪರೀಕ್ಷೆಗೆ ಅಂದುಕೊಂಡಿದ್ದೆ. ಈದ್ ರಜೆಯಲ್ಲಿ ಆಪಾ ತಮ್ಮ ಇಬ್ಬರು ಪುಟ್ಟ ಮಕ್ಕಳನ್ನು ಬಿಡದಿಯ ವಂಡರ್‌ಲಾಗೆ ಕರೆದೊಯ್ಯುವ ಮಾತೆತ್ತಿದಾಗ ಅದು ಮನೆಗೇ ಬಂತು. ಅಲ್ಲಿ ಸಾಮಾನ್ಯ ಟಿಕೆಟ್ ಇದೆ, ಹೆಚ್ಚು ಹಣ ಕೊಟ್ಟರೆ ಬೇರೆ ಸಾಲಿನಲ್ಲಿ ಬೇಗ ಹೋಗುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟೂ ಇದೆ. ದುಲ್ಹಾಭಾಯ್ ಸಂಬಳಕ್ಕೆ ಸಾಮಾನ್ಯ ಟಿಕೆಟ್ಟೇ ಭಾರ. ಆದರೆ ಸಾಲಿನಲ್ಲಿ ಕಳೆಯುವ ಗಂಟೆಯೂ ಖರ್ಚೇ; ಅಳುವ ಮಗುವನ್ನು ಎತ್ತಿಕೊಂಡವರಿಗೆ ಇನ್ನೂ ದುಬಾರಿ.

ಇದು ಬೆಲೆ ತಾರತಮ್ಯದ ಒಂದು ಬಗೆ. ಅಮೆರಿಕದ ಡಿಸ್ನಿ ವರ್ಲ್ಡ್‌ನಲ್ಲಿ 1999ರಲ್ಲಿ ಉಚಿತವಾಗಿ ಶುರುವಾದ ಫಾಸ್ಟ್‌ಪಾಸ್ ಹೋಗಿ, 2021ರಲ್ಲಿ ಹಣ ಕೊಡುವ ಪದ್ಧತಿ ಬಂತು. ಹಣ ಕೊಟ್ಟರೆ ಆಟದ ಸೀಟುಗಳೇನೂ ಹೆಚ್ಚುವುದಿಲ್ಲ. ನಾವು ಉಳಿಸಿದ ನಿಮಿಷಗಳನ್ನು ಪಕ್ಕದ ಸಾಲಿನವರು ಕಾಯಬೇಕು. ಅವರ ಕೈಯಲ್ಲೂ ಮಗುವಿರಬಹುದು. ನನಗಿದು ಸರಿ ಕಾಣಲಿಲ್ಲ.

ಆಪಾ ನಕ್ಕರು: "ನೀನು ಎತ್ತಿಕೊಂಡು ನಿಂತು ನೋಡು, ಆಮೇಲೆ ಹೇಳು."

ಕೊನೆಗೆ ತೀರ್ಮಾನಿಸಿದ್ದು ಎತ್ತರದ ನಿಯಮ. ದೊಡ್ಡ ಆಟಗಳಿಗೆ ಪುಟ್ಟ ಮಕ್ಕಳನ್ನು ಹತ್ತಿಸುವುದೇ ಇಲ್ಲ, ಯಾವ ಟಿಕೆಟ್ ಇದ್ದರೂ ಕೆಳಗೇ ನಿಲ್ಲಬೇಕು. ಸಾಮಾನ್ಯ ಟಿಕೆಟ್ ಸಾಕು, ರಜೆ ಮುಗಿದ ಮೇಲೆ ಒಂದು ಮಂಗಳವಾರ ಹೋಗೋಣ ಎಂದರು ಆಪಾ. ಅಂದು ನನಗೆ ಕಾಲೇಜು.